ಮೂಗಿನ ಸರ್ಜರಿಗೆ ಪವರ್ ಟೂಲ್: ಯಂತ್ರ ಏನು ಮಾಡುತ್ತೆ, ಏನು ಮಾಡಲ್ಲ?

ಮೈಸೂರಿನ ರಾಮಕೃಷ್ಣನಗರದಲ್ಲಿ ಕೂತು ಮೂಗಿನ ಸರ್ಜರಿ ಬಗ್ಗೆ ಬರೆಯುವಾಗ ಪಕ್ಕದ ಶ್ರೀರಂಗಪಟ್ಟಣ ನೆನಪಾಗದೇ ಇರಲ್ಲ. ಟಿಪ್ಪು ವಿರುದ್ಧದ 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತು ಹೊಡೆಯುತ್ತಿದ್ದ ಕವಾಸ್ಜಿ ಸೆರೆಸಿಕ್ಕಿ, ಮೂಗು ಮತ್ತು ಒಂದು ಕೈ ಕಳೆದುಕೊಂಡ. ವರ್ಷದ ನಂತರ ಪುಣೆ ಹತ್ತಿರ ಒಬ್ಬಾತ ಮೇಣದ ಅಚ್ಚಿನ ಅಳತೆಗೆ ಅವನ ಹಣೆಯ ಚರ್ಮ ಬಿಡಿಸಿ, ಕೆಳಗೆ ತಿರುಗಿಸಿ, ಹೊಸ ಮೂಗು ಕಟ್ಟಿದ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' ಇದನ್ನು ಅಚ್ಚು ಹಾಕಿತು. ಆ ವರದಿಯಲ್ಲಿ ಆತ ಇಟ್ಟಿಗೆ ಮಾಡುವ ಜಾತಿಯವನು ಅಂತಿದೆ, ಹೆಸರಿಲ್ಲ.

ಅಂದು ಕೆಲಸ ಮಾಡಿದ್ದು ಕೈ. ಇಂದಿನ ಜಾಹೀರಾತಿನಲ್ಲಿ ಮುಂದೆ ನಿಂತಿರೋದು ಯಂತ್ರ.

ಯಾವ ಯಂತ್ರ?

ಮೂಗಿನ ಮೇಲ್ಭಾಗ ಮೂಳೆ, ಕೆಳಭಾಗ ಮೃದ್ವಸ್ಥಿ. ಮೂಳೆಯ ಉಬ್ಬು ಇಳಿಸಲು, ಸೊಟ್ಟ ನೇರ ಮಾಡಲು ಸರ್ಜನ್‌ಗಳು ಹಿಂದಿನಿಂದ ಬಳಸಿದ್ದು ಉಳಿ, ಸುತ್ತಿಗೆ, ಅರ. ಈಗ ಅವುಗಳ ಜೊತೆಗೆ ಎರಡು ಬಗೆಯ ವಿದ್ಯುತ್ ಉಪಕರಣಗಳು ಬಂದಿವೆ.

ಒಂದು, ತಿರುಗುವ ಅಥವಾ ಹಿಂದೆಮುಂದೆ ಆಡುವ ತುದಿಯ ಡ್ರಿಲ್ ಮತ್ತು ಅರ. ಇವು ಮೂಳೆಯನ್ನು ಸ್ವಲ್ಪಸ್ವಲ್ಪವೇ ಸವೆಸುತ್ತವೆ.

ಎರಡು, ಪೀಜೋ. ಇಂಜಿನಿಯರಿಂಗ್ ಓದಿದವರಿಗೆ ಗೊತ್ತಿರೋ ತತ್ವವೇ: ಕೆಲವು ಹರಳುಗಳಿಗೆ ವೋಲ್ಟೇಜ್ ಕೊಟ್ಟರೆ ಅವು ಹಿಗ್ಗಿ ಕುಗ್ಗುತ್ತವೆ. ಉಪಕರಣದ ತುದಿ ಸೆಕೆಂಡಿಗೆ ಸುಮಾರು 25ರಿಂದ 30 ಸಾವಿರ ಸಲ ಕಂಪಿಸುತ್ತೆ. ಗಟ್ಟಿ ಮೂಳೆ ಕತ್ತರಿಸುತ್ತೆ; ಮೆತ್ತಗಿನ ಅಂಗಾಂಶ ಕಂಪನದ ಜೊತೆಗೇ ಅಲುಗಾಡಿ ಬಹುಮಟ್ಟಿಗೆ ಉಳಿದುಕೊಳ್ಳುತ್ತೆ. ಮೊದಲ ದಿನಗಳಲ್ಲಿ ಬಾವು, ಕಣ್ಣಿನ ಸುತ್ತಲ ಕಪ್ಪು ಕಡಿಮೆ ಅಂತ ಹಲವು ಅಧ್ಯಯನಗಳು ಹೇಳಿವೆ.

ಮಿತಿ ಏನು?

ಪೀಜೋ ಬಳಸಲು ಸಾಮಾನ್ಯವಾಗಿ ಮೂಳೆಯ ಮೇಲಿನ ಪದರವನ್ನು ಹೆಚ್ಚು ಅಗಲಕ್ಕೆ ಬಿಡಿಸಬೇಕು. ತುದಿ ಬಿಸಿಯಾಗುತ್ತೆ, ಸಲೈನ್ ಹರಿಸದಿದ್ದರೆ ಸುಡುವ ಅಪಾಯವಿದೆ. ಮುಖ್ಯವಾಗಿ, ಮೂಗಿನ ತುದಿಯ ಆಕಾರ ನಿರ್ಧಾರವಾಗೋದು ಮೃದ್ವಸ್ಥಿಯಲ್ಲಿ. ಅಲ್ಲಿನ ಕೆಲಸ ಬಹುತೇಕ ಚಾಕು, ಹೊಲಿಗೆ ಮತ್ತು ಅನುಭವದ್ದು. ಅಲ್ಲಿ ಅತಿಯಾಗಿ ತೆಗೆದರೆ ಉಸಿರಾಟಕ್ಕೇ ತೊಂದರೆ. ಎಷ್ಟು ತೆಗೆಯಬೇಕು ಅನ್ನೋದನ್ನು ಯಾವ ಯಂತ್ರವೂ ಹೇಳಲ್ಲ.

ಕಾನೂನು ಎಲ್ಲಿದೆ?

ಅಪಘಾತದಲ್ಲಿ ಮುರಿದ ಅಥವಾ ಹುಟ್ಟಿನಿಂದ ದೋಷವಿರುವ ಮೂಗು ಸರಿಪಡಿಸಿದರೆ ಅದು ಚಿಕಿತ್ಸೆ, ಜಿಎಸ್‌ಟಿ ಇಲ್ಲ. ಬರೀ ಅಂದಕ್ಕಾದರೆ ತೆರಿಗೆ ಉಂಟು, ಸಾಮಾನ್ಯವಾಗಿ ವಿಮೆಯೂ ಸಿಗಲ್ಲ. ಅಂದರೆ ಇಲ್ಲಿ ನೀವು ರೋಗಿಗಿಂತ ಹೆಚ್ಚಾಗಿ ಗ್ರಾಹಕರು. ಅದಕ್ಕೇ ಜಾಹೀರಾತು ಸರ್ಜನ್‌ನ ಅನುಭವದ ಬದಲು ಯಂತ್ರದ ಹೆಸರು ಮಾರುತ್ತೆ.

ಗ್ರಾಹಕರಾದ ಮೇಲೆ ಪ್ರಶ್ನೆ ಕೇಳೋದು ಹಕ್ಕು. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ಆಸ್ಪತ್ರೆಗಳು ದರಪಟ್ಟಿ ಪ್ರದರ್ಶಿಸಲೇಬೇಕು. ಅದನ್ನು ನೋಡಿ. ಆಮೇಲೆ ಕೇಳಿ: ಸರ್ಜನ್ ಓದಿದ್ದೇನು? ಇಂಥ ಎಷ್ಟು ಮೂಗು ಮಾಡಿದ್ದಾರೆ? ನನ್ನ ಮೂಗಿಗೆ ಈ ಯಂತ್ರ ಯಾಕೆ ಬೇಕು? ಕೆಟ್ಟರೆ ಮರುಸರ್ಜರಿಯ ಖರ್ಚು ಯಾರದ್ದು?

ಉತ್ತರವಾಗಿ ಮತ್ತೆ ಯಂತ್ರದ ಬ್ರೋಷರ್ ಕೈಗೆ ಬಂದರೆ, ಎದ್ದು ಬನ್ನಿ.