ಗೈಸ್‌ನ ಅಕ್ಕಿ ಮೂಟೆ

ಬೇಸಿಗೆಯಲ್ಲಿ ಕುವೈತಿನ ಸಾಲ್ಮಿಯಾದ ದಂಡೆಯಿಂದ ಹುಡುಗರು ಹಳೇ ಮಾದರಿಯ ಹಡಗು ಹತ್ತಿ ಮುತ್ತು ಹೆಕ್ಕಲು ಹೊರಡುವ ಉತ್ಸವವೊಂದು 1986ರಿಂದ ಇದೆ. ಮೊದಲ ಸಲ ಅದನ್ನು ನೋಡಿದಾಗ ನನಗೆ ನೆನಪಾದದ್ದು ಗಂಗೊಳ್ಳಿಯ ರಂಪಣಿ. ಅಜ್ಜ ಆ ಬಲೆಯ ಪಾಲುಗಾರ. ಎಳೆದವರಿಗೆಲ್ಲ ಮೀನಿನಲ್ಲಿ ಪಾಲು, ಮೀನು ಬೀಳದ ದಿನ ಎಲ್ಲರ ಕೈಯೂ ಖಾಲಿ.

ಕುವೈತಿನ ಮುತ್ತಿನ ಹಡಗಿನಲ್ಲೂ ಸಂಬಳವೆಂಬುದಿರಲಿಲ್ಲ. ಮುಳುಗುವ ಗೈಸ್‌ಗೆ ಮೂರು ಪಾಲು, ಮೇಲಿಂದ ಹಗ್ಗ ಎಳೆಯುವ ಸೈಬ್‌ಗೆ ಎರಡು. ಇಸ್ಲಾಮಿಕ್ ಬ್ಯಾಂಕಿಂಗ್ ಕಲಿಯಲು ಕೂತಾಗ ಮೊದಲ ಪಾಠವಾದ ಮುದಾರಬ ನನಗೆ ಸಲೀಸಾಗಿ ತಲೆಗೆ ಹೋದದ್ದು ಇದರಿಂದಲೇ. ಒಬ್ಬರ ಹಣ, ಇನ್ನೊಬ್ಬರ ದುಡಿಮೆ. ಲಾಭವನ್ನು ಮೊದಲೇ ಒಪ್ಪಿದ ಪಾಲಿನಂತೆ ಹಂಚಿಕೊಳ್ಳಬೇಕು. ನಷ್ಟವಾದರೆ ಹಣ ಹಾಕಿದವನ ಹಣ ಹೋಯಿತು, ದುಡಿದವನ ದುಡಿಮೆ ಹೋಯಿತು.

ಆದರೆ ಆ ಹಡಗನ್ನು ಬರೀ ಹೊಗಳಲು ನನಗೆ ಮನಸ್ಸಾಗುವುದಿಲ್ಲ. ಸುಮಾರು ನಾಲ್ಕು ತಿಂಗಳು ಕಡಲಿಗೆ ಹೋಗುವವನ ಮನೆಯವರು ಉಣ್ಣಬೇಕಲ್ಲ? ಅದಕ್ಕೆ ಹಡಗಿನ ಮುಖ್ಯಸ್ಥ ನಖೂದ ಮುಂಗಡ ಕೊಡುತ್ತಿದ್ದ. ಅದರ ಹೆಸರು ಸಲಫ್. ಇಸ್ಲಾಮಿನಲ್ಲಿ ಬಡ್ಡಿ ನಿಷಿದ್ಧ. ಹಾಗಾಗಿ ಬಡ್ಡಿ, ಮುಂಗಡವಾಗಿ ಕೊಟ್ಟ ಅಕ್ಕಿ, ಬಟ್ಟೆಗಳ ಬೆಲೆಯೊಳಗೆ ಹೊಕ್ಕು ಕೂತಿತು. ಮುತ್ತು ಸಿಗದ ವರ್ಷ ಸಾಲ ಉಳಿಯಿತು, ತೀರುವ ತನಕ ಬೇರೆ ನಖೂದನ ಹಡಗು ಹತ್ತುವ ಹಾಗಿಲ್ಲ. ಸತ್ತರೆ ಸಾಲ ಮಕ್ಕಳ ತಲೆಗೆ. ಜಪಾನಿನ ಸಾಕಿದ ಮುತ್ತು, 1929ರ ಆರ್ಥಿಕ ಕುಸಿತ ಈ ಕಸುಬನ್ನೇ ಮುಳುಗಿಸಿದವು. 1938ರಲ್ಲಿ ಬುರ್ಗಾನಿನಲ್ಲಿ ಎಣ್ಣೆ ಸಿಕ್ಕಿತು, 1946ರಲ್ಲಿ ಹಡಗೇರಿತು.

ಬಡ್ಡಿಯಿಲ್ಲದ ಬ್ಯಾಂಕು ಬಂದದ್ದು ಅದಾಗಿ ಮೂರು ದಶಕಕ್ಕೆ. 1977ರಲ್ಲಿ ಕುವೈತ್ ಫೈನಾನ್ಸ್ ಹೌಸ್ ಸ್ಥಾಪನೆಯಾಯಿತು. ಅಹ್ಮದ್ ಬಜೀ ಅಲ್ ಯಾಸೀನ್ ಅದರ ಮೊದಲ ಅಧ್ಯಕ್ಷರು. ಇಂಥ ಬ್ಯಾಂಕುಗಳಿಗೆಂದೇ ಕೇಂದ್ರ ಬ್ಯಾಂಕಿನ ಕಾನೂನಿಗೆ ಭಾಗವೊಂದು ಸೇರಿದ್ದು 2003ರಲ್ಲಿ, ಮರುವರ್ಷ ಬುಬಿಯಾನ್ ಬ್ಯಾಂಕ್ ಹುಟ್ಟಿತು.

ನನ್ನನ್ನು ಕಾಡಿದ್ದು ಎರಡನೇ ಪಾಠ, ಮುರಾಬಹ. ಬ್ಯಾಂಕು ಕಾರು ಕೊಂಡು, ಲಾಭ ಸೇರಿಸಿ, ಕಂತಿನಲ್ಲಿ ನಮಗೆ ಮಾರುತ್ತದೆ. "ಇದೂ ಬಡ್ಡಿಯೇ ಅಲ್ವಾ ಭಾಯಿ?" ಎಂದು ಕಚೇರಿಯ ಹಿರಿಯರೊಬ್ಬರನ್ನು ಕೇಳಿದೆ. ಭಟ್ಕಳದವರು, ನನ್ನನ್ನು ತಂಗಿ ಎಂದೇ ಕರೆಯುವವರು. ಅವರು ಅಂಥದೊಂದು ಕರಾರಿನ ಕಾಗದ ಮುಂದಿಟ್ಟರು. "ಮೊದಲು ಕಾರು ಬ್ಯಾಂಕಿನದ್ದಾಗಬೇಕು ತಂಗಿ. ನಿನಗೆ ಮಾರುವ ಮುಂಚೆ ಅದು ಸುಟ್ಟು ಹೋದ್ರೆ ನಷ್ಟ ಬ್ಯಾಂಕಿಗೆ. ಬೆಲೆ ಒಮ್ಮೆ ಗೊತ್ತಾದ ಮೇಲೆ, ಕಂತು ತಡವಾಯ್ತು ಅಂತ ಲಾಭ ಏರಿಸುವ ಹಾಗಿಲ್ಲ. ಮತ್ತೆ, ಅಸಲು ಎಷ್ಟು, ಲಾಭ ಎಷ್ಟು ಅಂತ ಬಾಯಿಬಿಟ್ಟು ಹೇಳಲೇಬೇಕು."

ಹೆಸರು ಬದಲಿಸಿದ ಬಡ್ಡಿ ಎಂದು ಇದನ್ನು ದೂರುವವರು ಮುಸ್ಲಿಂ ವಿದ್ವಾಂಸರಲ್ಲೇ ಇದ್ದಾರೆ. ಬ್ಯಾಂಕುಗಳು ಮುದಾರಬದ ನಷ್ಟಕ್ಕೆ ಹೆಗಲು ಕೊಡುವುದಕ್ಕಿಂತ ಮುರಾಬಹಕ್ಕೆ ವಾಲುತ್ತವೆ ಎಂಬ ಬೇಸರ ನನಗೂ ಇದೆ. ಆದರೂ ಆ ಕಾಗದದಲ್ಲಿ ಅಸಲಿನ ಸಾಲನ್ನು ಬೆರಳಿಟ್ಟು ಮತ್ತೆ ಮತ್ತೆ ಓದಿದೆ. ಗೈಸ್‌ನ ಮನೆಗೆ ಬಂದ ಅಕ್ಕಿ ಮೂಟೆಯ ಜತೆ ಇಂಥದೊಂದು ಸಾಲು ಬಂದಿರಲಿಲ್ಲ.