ದೂರದ ಸರ್ವರ್ ಡ್ರೈವ್ ಆದದ್ದು, ಪಹಣಿ ಆಗದೇ ಉಳಿದದ್ದು

ದೂರದ ವೆಬ್ ಸರ್ವರ್‌ನ ಫೋಲ್ಡರೊಂದನ್ನು ತನ್ನದೇ ಕಂಪ್ಯೂಟರಿನ ಡ್ರೈವ್‌ನಂತೆ ತೋರಿಸುವ ಏರ್ಪಾಡಿಗೆ ನೆಟ್‌ವರ್ಕ್ ಡ್ರೈವ್ ಮ್ಯಾಪಿಂಗ್ ಎನ್ನುತ್ತಾರೆ. ಸಿ, ಡಿ ಡ್ರೈವ್‌ಗಳ ಸಾಲಿನಲ್ಲಿ ಝಡ್ ಎಂಬ ಇನ್ನೊಂದು ಡ್ರೈವ್ ಕಾಣಿಸುತ್ತದೆ. ಅದರೊಳಗೆ ಕಾಪಿ ಮಾಡಿದ ಫೈಲು ನೇರವಾಗಿ ಸರ್ವರ್ ಸೇರುತ್ತದೆ.

ಜಾಲದ ಮೂಲಕ ಫೈಲು ಕಳುಹಿಸುವ ಕ್ರಮ ಇದಕ್ಕಿಂತ ಹಳೆಯದು. ಐಐಟಿ ಕಾನ್ಪುರದಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋಗಿದ್ದ ಅಭಯ್ ಭೂಷಣ್ 1971ರ ಏಪ್ರಿಲ್‌ನಲ್ಲಿ ಎಫ್‌ಟಿಪಿಯ ಮೊದಲ ರೂಪವನ್ನು ಬರೆದರು. ಅದರಲ್ಲಿ ಲಾಗಿನ್ ಆಗಿ, ಆಜ್ಞೆ ಕೊಟ್ಟು ಫೈಲು ರವಾನಿಸಬೇಕಿತ್ತು. ಪಾಸ್‌ವರ್ಡ್ ಕೂಡ ಮುಚ್ಚುಮರೆಯಿಲ್ಲದೆ ಸಾಗುತ್ತಿತ್ತು. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ತಂದ ಎನ್‌ಎಫ್‌ಎಸ್, ಬೇರೆ ಯಂತ್ರದ ಡಿಸ್ಕನ್ನು ಸ್ವಂತದ್ದರಂತೆ ಬಳಸುವ ಅನುಕೂಲ ಕೊಟ್ಟಿತು. ಆದರೆ ಅದು ಹೊಂದುತ್ತಿದ್ದದ್ದು ಮುಖ್ಯವಾಗಿ ಒಂದೇ ಸಂಸ್ಥೆಯ ಒಳಜಾಲಕ್ಕೆ. ಆ ಕಾಲದಲ್ಲಿ ದೂರದ ಸಂಪರ್ಕ ದುಬಾರಿ: 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಮೆರಿಕಕ್ಕೆ ದತ್ತಾಂಶ ಕಳುಹಿಸಲು ಪ್ರತ್ಯೇಕ ಉಪಗ್ರಹ ಸಂಪರ್ಕವನ್ನೇ ಹೊಂದಬೇಕಾಯಿತು. ಸಾರ್ವಜನಿಕರಿಗೆ ವಿಎಸ್‌ಎನ್‌ಎಲ್ ಇಂಟರ್ನೆಟ್ ಸೇವೆ ಸಿಕ್ಕಿದ್ದು 1995ರ ಆಗಸ್ಟ್ 15ರಂದು.

ವೆಬ್ ಸರ್ವರ್ ಡ್ರೈವ್ ಆಗಲು ದಾರಿ ಮಾಡಿದ್ದು ವೆಬ್‌ಡಿಎವಿ. 1999ರ ಫೆಬ್ರವರಿಯಲ್ಲಿ ಹೊರಬಂದ ಈ ನಿಯಮಾವಳಿ, ಪುಟ ಓದಲು ಬಳಸುವ ಎಚ್‌ಟಿಟಿಪಿಗೇ ಫೋಲ್ಡರ್ ರಚಿಸುವ, ನಕಲು ಮಾಡುವ, ಸ್ಥಳ ಬದಲಿಸುವ ಆಜ್ಞೆಗಳನ್ನು ಸೇರಿಸಿತು. ಒಬ್ಬರು ತಿದ್ದುತ್ತಿರುವಾಗ ಇನ್ನೊಬ್ಬರು ಅದೇ ಫೈಲಿನ ಮೇಲೆ ಬರೆಯದಂತೆ ಬೀಗ ಹಾಕುವ ಸೌಲಭ್ಯವೂ ಅದರಲ್ಲಿತ್ತು. ಅದೇ ವರ್ಷದ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ‘ವೆಬ್ ಫೋಲ್ಡರ್’ ಬಂತು. 2001ರ ವಿಂಡೋಸ್ ಎಕ್ಸ್‌ಪಿಯ ವೆಬ್‌ಕ್ಲೈಂಟ್ ಸೇವೆಯಿಂದ ಅದಕ್ಕೆ ಡ್ರೈವ್ ಅಕ್ಷರ ಕೊಡಲು ಸಾಧ್ಯವಾಯಿತು. ತೊಡಕುಗಳೂ ಇದ್ದವು. ಫೋಲ್ಡರ್ ತೆರೆದಾಗಲೆಲ್ಲ ಸರ್ವರ್‌ಗೆ ಕೋರಿಕೆಗಳು ಹೋಗುವುದರಿಂದ ನಿಧಾನದ ಸಂಪರ್ಕದಲ್ಲಿ ಕೆಲಸ ತೆವಳುತ್ತಿತ್ತು. ವಿಂಡೋಸ್‌ನ ಮೂಲ ಹೊಂದಿಕೆಯಲ್ಲಿ ಸುಮಾರು 50 ಎಂಬಿಗಿಂತ ದೊಡ್ಡ ಫೈಲನ್ನು ಈ ಡ್ರೈವ್‌ನಿಂದ ಇಳಿಸಿಕೊಳ್ಳಲೂ ಆಗುತ್ತಿರಲಿಲ್ಲ.

ಇದೇ ವರ್ಷಗಳಲ್ಲಿ ಜಮೀನಿನ ದಾಖಲೆಗಳಾದ ಪಹಣಿಗಳ ವಿಷಯದಲ್ಲಿ ಕರ್ನಾಟಕ ಬೇರೊಂದು ದಾರಿ ಹಿಡಿಯಿತು. ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳನ್ನು ‘ಭೂಮಿ’ ಯೋಜನೆ ಕಂಪ್ಯೂಟರಿಗೆ ಏರಿಸಿತು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ಸಿಗತೊಡಗಿತು. ಅಲ್ಲಿ ದಾಖಲೆ ಇದ್ದದ್ದು ಎಳೆದು ಹಾಕಬಹುದಾದ ಫೈಲಾಗಿ ಅಲ್ಲ, ದತ್ತಸಂಚಯವಾಗಿ. ಸಿಬ್ಬಂದಿ ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕಿತ್ತು. ಖಾತೆ ಬದಲಾವಣೆಯ ಅರ್ಜಿಗಳು ಸರದಿಯಂತೆ ಮುಂದೆ ಸಾಗುತ್ತಿದ್ದವು. ಯಾರು ಏನು ತಿದ್ದಿದರೆಂಬುದು ದಾಖಲಾಗುತ್ತಿತ್ತು. ಮ್ಯಾಪ್ ಮಾಡಿದ ಡ್ರೈವ್ ಕೊಟ್ಟಿದ್ದರೆ, ಬರೆಯುವ ಅಧಿಕಾರವಿದ್ದವರು ಫೈಲನ್ನು ಅಳಿಸಬಹುದಿತ್ತು, ಇನ್ನೊಂದನ್ನು ಅದರ ಜಾಗದಲ್ಲಿ ಇಡಬಹುದಿತ್ತು.

ಕೋಲಾರ ತಾಲ್ಲೂಕಿನ ಹೋಬಳಿ ಕೇಂದ್ರವಾದ ನರಸಾಪುರದಂಥ ಊರುಗಳಿಗೆ ಈ ಸೇವೆ ಹಂತಹಂತವಾಗಿ ಬಂತು. 2006ರಲ್ಲಿ ಹೋಬಳಿ ಮಟ್ಟಕ್ಕೆ ನೆಮ್ಮದಿ ಕೇಂದ್ರಗಳು, 2012ರಿಂದ ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಶುರುವಾದವು. ತಾಲ್ಲೂಕು ಕಚೇರಿಯ ಯಂತ್ರದಲ್ಲಿದ್ದ ದಾಖಲೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋಯಿತು. ಕೈಗಾರಿಕಾ ಪ್ರದೇಶವಾಗಿ ಬೆಳೆದು, 2013ರಲ್ಲಿ ಹೋಂಡಾ ಕಾರ್ಖಾನೆ ಆರಂಭವಾದ ನರಸಾಪುರದಲ್ಲಿ ಜಮೀನಿನ ಪ್ರತಿಯೊಂದು ಬದಲಾವಣೆಗೂ ತೂಕವಿದೆ. ಅಂಥ ಕಡೆ ದಾಖಲೆಯನ್ನು ಫೋಲ್ಡರಿನಲ್ಲಿಡದೆ ಕ್ರಮಬದ್ಧ ನಮೂನೆಯ ಹಿಂದೆ ಇಟ್ಟದ್ದು ಸರಿಯಾದ ಆಯ್ಕೆ.

ಮ್ಯಾಪಿಂಗ್ ಇನ್ನೂ ಬಳಕೆಯಲ್ಲಿದೆ, ಆದರೆ ಬ್ರೌಸರ್ ಮತ್ತು ಕ್ಲೌಡ್ ಸಂಗ್ರಹ ಅದರ ಜಾಗವನ್ನು ಬಹುಪಾಲು ಆಕ್ರಮಿಸಿವೆ. 2023ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ವೆಬ್‌ಕ್ಲೈಂಟ್ ಸೇವೆಯನ್ನು ಕೈಬಿಡಲಿರುವ ಸೌಲಭ್ಯಗಳ ಪಟ್ಟಿಗೆ ಸೇರಿಸಿತು.