ಔಷಧಿ ಆರಿಸುವ ಕಾಗದದ ಬಿಲ್ಲೆ

ಬೆದೆ ಮುಗಿದು ಕೆಲವು ವಾರಗಳಾದ ಹೆಣ್ಣುನಾಯಿ ಇದ್ದಕ್ಕಿದ್ದಂತೆ ಊಟ ಬಿಡುತ್ತದೆ, ಮೇಲಿಂದ ಮೇಲೆ ನೀರು ಕುಡಿಯುತ್ತದೆ, ವಾಂತಿ ಮಾಡಿ ಮಂಕಾಗಿ ಮಲಗುತ್ತದೆ. ಯೋನಿದ್ವಾರದಿಂದ ಕೀವು ಸೋರಿದರೆ ರೋಗ ಬೇಗ ಗೊತ್ತಾಗುತ್ತದೆ. ಸೋರದೆ ಒಳಗೇ ಉಳಿದರೆ ಅಪಾಯ ಹೆಚ್ಚು. ಗರ್ಭಕೋಶದಲ್ಲಿ ಕೀವು ತುಂಬುವ ಈ ಕಾಯಿಲೆಯನ್ನು ಪಶುವೈದ್ಯರು ‘ಪಯೋಮೆಟ್ರಾ’ ಎನ್ನುತ್ತಾರೆ. ಇದು ಅಪರೂಪದ ರೋಗವಲ್ಲ. ಸ್ವೀಡನ್ನಿನಲ್ಲಿ ವಿಮೆ ಮಾಡಿಸಿದ್ದ ನಾಯಿಗಳ ದಾಖಲೆ ಆಧರಿಸಿ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತು ವರ್ಷ ತುಂಬುವುದರೊಳಗೆ ಸುಮಾರು ಕಾಲುಭಾಗ ಹೆಣ್ಣುನಾಯಿಗಳು ಇದಕ್ಕೆ ತುತ್ತಾಗಿದ್ದವು.

ಇದಕ್ಕೆ ದಾರಿ ಮಾಡಿಕೊಡುವುದು ಹಾರ್ಮೋನು. ಗರ್ಭ ಕಟ್ಟಲಿ, ಕಟ್ಟದಿರಲಿ, ಬೆದೆಯ ನಂತರ ಸುಮಾರು ಎರಡು ತಿಂಗಳು ನಾಯಿಯ ದೇಹದಲ್ಲಿ ಪ್ರೊಜೆಸ್ಟರಾನ್ ಪ್ರಭಾವವಿರುತ್ತದೆ. ಅದು ಗರ್ಭಕೋಶದ ಒಳಪದರವನ್ನು ದಪ್ಪಗಾಗಿಸಿ, ಸಂಕೋಚನವನ್ನು ತಗ್ಗಿಸಿ, ಗರ್ಭಕೋಶದ ಕೊರಳನ್ನು ಮುಚ್ಚುತ್ತದೆ. ಒಳಸೇರಿದ ಬ್ಯಾಕ್ಟೀರಿಯಾಗಳಿಗೆ ಇದಕ್ಕಿಂತ ಒಳ್ಳೆಯ ಆಸರೆ ಬೇರೆ ಬೇಕಿಲ್ಲ. ಕೀವನ್ನು ಪರೀಕ್ಷಿಸಿದಾಗ ಹೆಚ್ಚಾಗಿ ಸಿಗುವುದು ‘ಇ. ಕೊಲೈ’. ಮನುಷ್ಯರ ಮತ್ತು ಪ್ರಾಣಿಗಳ ಕರುಳಿನಲ್ಲಿ ವಾಸಿಸುವ ಈ ಬ್ಯಾಕ್ಟೀರಿಯಾವನ್ನು 1885ರಲ್ಲಿ ಮಕ್ಕಳ ವೈದ್ಯ ಥಿಯೊಡೋರ್ ಎಶೆರಿಶ್ ಶಿಶುಗಳ ಮಲದಲ್ಲಿ ಕಂಡು ವಿವರಿಸಿದ್ದರು.

ರೋಗಾಣು ಯಾವುದೆಂದು ತಿಳಿದರೆ ಸಾಲದು. ಅದು ಯಾವ ಔಷಧಿಗೆ ಮಣಿಯುತ್ತದೆ ಎಂಬುದೂ ತಿಳಿಯಬೇಕು. ಈ ಪ್ರಶ್ನೆಗೆ ಉತ್ತರ ಹುಡುಕಿದ ಕಥೆ 1928ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಆರಂಭವಾಗುತ್ತದೆ. ಬ್ಯಾಕ್ಟೀರಿಯಾ ಬೆಳೆಸಿದ್ದ ತಟ್ಟೆಯಲ್ಲಿ ಬೂಷ್ಟು ಬಿದ್ದು, ಅದರ ಸುತ್ತ ಬ್ಯಾಕ್ಟೀರಿಯಾಗಳು ಕರಗಿದ್ದುದನ್ನು ಅಲೆಕ್ಸಾಂಡರ್ ಫ್ಲೆಮಿಂಗ್ ಗಮನಿಸಿದರು. ಪೆನಿಸಿಲಿನ್ ಬೆಳಕಿಗೆ ಬಂದದ್ದು ಹೀಗೆ. ಆದರೆ ಅದು ಬಳಕೆಗೆ ಬರುವ ಮೊದಲೇ, 1940ರಲ್ಲಿ, ಪೆನಿಸಿಲಿನ್ನನ್ನು ನಾಶ ಮಾಡುವ ಕಿಣ್ವವೊಂದು ಬ್ಯಾಕ್ಟೀರಿಯಾದಲ್ಲಿದೆ ಎಂದು ಎಡ್ವರ್ಡ್ ಅಬ್ರಹಾಂ ಮತ್ತು ಅರ್ನ್ಸ್ಟ್ ಚೈನ್ ಪ್ರಕಟಿಸಿದರು. ಆ ಬ್ಯಾಕ್ಟೀರಿಯಾ ಇದೇ ಇ. ಕೊಲೈ!

ಮುಂದೆ ಹೊಸ ಹೊಸ ಔಷಧಿಗಳು ಬಂದಂತೆ ಆಯ್ಕೆಯ ಸಮಸ್ಯೆಯೂ ಬೆಳೆಯಿತು. ಪ್ರಯೋಗಾಲಯಗಳು ತಮ್ಮ ತಮ್ಮ ರೀತಿಯಲ್ಲಿ ಪರೀಕ್ಷೆ ಮಾಡುತ್ತಿದ್ದುದರಿಂದ ಒಂದರ ಫಲಿತಾಂಶ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿದ್ದ ಬಾವರ್, ಕರ್ಬಿ, ಶೆರಿಸ್ ಮತ್ತು ಟರ್ಕ್ 1966ರಲ್ಲಿ ಇದಕ್ಕೊಂದು ಏಕರೂಪದ ವಿಧಾನ ಪ್ರಕಟಿಸಿದರು. ರೋಗಾಣುವನ್ನು ಅಗರ್ ತಟ್ಟೆಯ ಮೇಲೆ ಸಮನಾಗಿ ಸವರಿ, ಔಷಧಿ ಹೀರಿದ ಸಣ್ಣ ಕಾಗದದ ಬಿಲ್ಲೆಗಳನ್ನು ಇಟ್ಟು, ದೇಹದ ಉಷ್ಣತೆಗೆ ಹತ್ತಿರದ ಶಾಖದಲ್ಲಿ ರಾತ್ರಿಯಿಡೀ ಬಿಡಲಾಗುತ್ತದೆ. ಮರುದಿನ ಪ್ರತಿ ಬಿಲ್ಲೆಯ ಸುತ್ತಲಿನ ಖಾಲಿ ವೃತ್ತವನ್ನು ಮಿಲಿಮೀಟರ್‌ಗಳಲ್ಲಿ ಅಳೆದು, ಆಯಾ ಔಷಧಿಗೆ ಗೊತ್ತುಪಡಿಸಿದ ಅಳತೆಯೊಂದಿಗೆ ಹೋಲಿಸಿದರೆ ರೋಗಾಣು ಮಣಿಯುತ್ತದೆಯೇ, ಎದುರಿಸಿ ನಿಲ್ಲುತ್ತದೆಯೇ ಎಂಬುದು ತಿಳಿಯುತ್ತದೆ. ಪಶುವೈದ್ಯ ಪ್ರಯೋಗಾಲಯಗಳಲ್ಲೂ ಈ ವಿಧಾನ ಬಳಕೆಯಲ್ಲಿದೆ.

ಆದರೆ ಪಯೋಮೆಟ್ರಾದಲ್ಲಿ ವರದಿ ಬರುವವರೆಗೆ ಕಾಯುವಂತಿಲ್ಲ. ಇ. ಕೊಲೈ ಬಿಡುವ ವಿಷ ರಕ್ತಕ್ಕೆ ಸೇರಿದರೆ ನಾಯಿ ಸಾಯಬಹುದು. ಅಂಡಾಶಯ ಸಹಿತ ಗರ್ಭಕೋಶವನ್ನು ತೆಗೆದುಹಾಕುವ ಶಸ್ತ್ರಕ್ರಿಯೆಯೇ ಮುಖ್ಯ ಚಿಕಿತ್ಸೆ. ಪ್ರತಿಜೀವಕ ಅದಕ್ಕೆ ಒತ್ತಾಸೆ ಮಾತ್ರ. ವೈದ್ಯರು ಅನುಭವದ ಮೇಲೆ ಒಂದು ಔಷಧಿ ಆರಂಭಿಸಿ, ವರದಿ ಬಂದ ಮೇಲೆ ಅಗತ್ಯವಿದ್ದರೆ ಬದಲಿಸುತ್ತಾರೆ. ಮನೆಯಲ್ಲಿ ಉಳಿದ ಮಾತ್ರೆಗಳನ್ನು ಅಂದಾಜಿನಲ್ಲಿ ನುಂಗಿಸಿದರೆ ಕೀವು ಹೋಗುವುದಿಲ್ಲ, ಅಮೂಲ್ಯವಾದ ಸಮಯ ಮಾತ್ರ ಹೋಗುತ್ತದೆ.

ಅಂದಾಜಿನ ಔಷಧಿಯ ನಷ್ಟ ನಾಯಿಯೊಂದಕ್ಕೇ ಸೀಮಿತವಲ್ಲ. ಅರೆಬರೆ ಪ್ರಮಾಣದ ಔಷಧಿ ರೋಗಾಣುವಿಗೆ ಪ್ರತಿರೋಧ ಕಲಿಸುತ್ತದೆ ಎಂದು ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲೇ ಎಚ್ಚರಿಸಿದ್ದರು. ಈ ಪ್ರತಿರೋಧ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು ಎಂಬುದನ್ನು 1959ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಒಂದೇ ಮನೆಯ ನಾಯಿಯಲ್ಲೂ ಮನುಷ್ಯರಲ್ಲೂ ಒಂದೇ ತಳಿಯ ಇ. ಕೊಲೈ ದೊರೆತ ದಾಖಲೆಗಳಿವೆ. ನಾಯಿಯ ದೇಹದಲ್ಲಿ ಔಷಧಿಗೆ ಜಗ್ಗದಂತಾದ ರೋಗಾಣು ನಾಳೆ ಅದರ ತಲೆ ಸವರುವ ಮಗುವಿನ ಕರುಳಿಗೂ ಸೇರಬಹುದು. ಆದ್ದರಿಂದ ಬಿಲ್ಲೆಯ ಸುತ್ತ ಮೂಡುವ ಆ ಖಾಲಿ ವೃತ್ತ ಕಾಯುವುದು ನಾಯಿಯನ್ನಷ್ಟೇ ಅಲ್ಲ, ಅದನ್ನು ಸಾಕಿದ ಮನೆಯವರನ್ನೂ.